ಅಕ್ಕನ ಊರಿನಲ್ಲಿ ಟೆಂಟ್ ಹಾಕಿದರೆ

"ಹ್ವಾಯ್, ಗಾಡಿ ಹಾಳಾಯ್ತಾ?"

ಬಸ್ರೂರಿನ ಹತ್ತಿರ ಹೊಳೆಬದಿಯಲ್ಲಿ ನಾನು ಟೆಂಟಿನ ಮೊದಲ ಗೂಟ ಹೊಡೆಯುತ್ತಿದ್ದೆ. ಬಲೆ ಹೆಗಲಿಗೇರಿಸಿಕೊಂಡು ಬರುತ್ತಿದ್ದವರೊಬ್ಬರು ನಿಂತು ಕೇಳಿದರು. ಗಾಡಿ ಸರಿ ಇದೆ, ರಾತ್ರಿ ಇಲ್ಲೇ ಮಲಗಲಿಕ್ಕೆ ಬಂದದ್ದು ಅಂದೆ. ಅವರು ಟೆಂಟ್ ನೋಡಿದರು. ನನ್ನನ್ನು ನೋಡಿದರು. ಆಮೇಲೆ ನನ್ನ ಟೆಂಪೋದ ಹಿಂದೆ ದೊಡ್ಡ ಅಕ್ಷರದಲ್ಲಿ ಬರೆಸಿದ್ದನ್ನು ಓದಿದರು: 'ಅಕ್ಕನ ಹಾರೈಕೆ'.

"ನೀವ್ ಗಿರಿಜಕ್ಕನ ತಮ್ಮ ಅಲ್ದಾ? ಎಂತ, ಅಕ್ಕನತ್ರ ಮಾತ್ ಬಿಟ್ರ್ಯಾ?"

ಜಗಳ ಏನೂ ಇಲ್ಲ ಅಂದು ಎರಡನೇ ಗೂಟ ಹೊಡೆದೆ.

ಇದಕ್ಕೆಲ್ಲ ಮೂಲ ಕಾರಣ ಒಂದು ಮೊಬೈಲ್ ವಿಡಿಯೋ. ಯಾವುದೋ ದೇಶದವನು ದೊಡ್ಡ ಸರೋವರದ ದಡದಲ್ಲಿ ಒಬ್ಬನೇ ವ್ಯಾನ್ ಓಡಿಸಿಕೊಂಡು ಹೋಗುತ್ತಾನೆ. ಸಂಜೆಯಾದ ಕಡೆ ಟೆಂಟ್ ಹಾಕುತ್ತಾನೆ, ಬೇಯಿಸಿಕೊಂಡು ತಿನ್ನುತ್ತಾನೆ, ಯಾರ ಹತ್ತಿರವೂ ಮಾತಾಡುವುದಿಲ್ಲ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಕ್ಲೀನರ್ ಆದವನು, ಆಮೇಲೆ ಡ್ರೈವರ್, ಈಗ ಸ್ವಂತ ಟೆಂಪೋದ ಓನರ್. ಮೀನು ಬಾಕ್ಸ್, ಐಸ್, ಮದುವೆ ಮನೆಯ ಕುರ್ಚಿ, ಎಲ್ಲವನ್ನೂ ಸಾಗಿಸಿದ್ದೇನೆ. ನನ್ನನ್ನು ನಾನೇ ಎಲ್ಲಿಗಾದರೂ ಸಾಗಿಸಿದ್ದುಂಟಾ?

ನಮ್ಮಲ್ಲಿ ಅಂಥ ಸರೋವರ ಇಲ್ಲ, ಒಪ್ಪಿದೆ. ಆದರೆ ಕುಂದಾಪುರದ ಸುತ್ತ ಹೊಳೆಗಳು ಸಮುದ್ರ ಸೇರುವ ಮೊದಲು ಹೇಗೆ ಹರಡಿಕೊಳ್ಳುತ್ತವೆ ನೋಡಿದ್ದೀರಲ್ಲ? ಅದು ಯಾವ ಸರೋವರಕ್ಕೆ ಕಮ್ಮಿ? ಬ್ರಹ್ಮಾವರದ ಮನೆಯಿಂದ ಹೊರಟು ಒಂದು ರಾತ್ರಿ ಬಸ್ರೂರಿನ ಹೊಳೆಬದಿ, ಇನ್ನೊಂದು ರಾತ್ರಿ ಬೈಂದೂರಿನ ಕಡೆ. ಪ್ಲಾನ್ ರೆಡಿ.

"ಒಂದ್ ಚಾ ಸಹ ಒಬ್ರೇ ಕುಡಿಯುಕ್ ಆತಿಲ್ಲೆ ನಿಮ್ಗ್. ರಾತ್ರಿ ಒಬ್ರೇ ಇಪ್ಪುಕ್ ಆತ್ತಾ?" ಅಂದಳು ಹೆಂಡತಿ.

ಕಾಣ್ತಾ ಇರ್ ಅಂದೆ.

ಅಕ್ಕನ ಮನೆ ನಾನು ಟೆಂಟ್ ಹಾಕಿದ ಹೊಳೆಬದಿಯಿಂದ ಎರಡು ತಿರುವು ಆಚೆ. ಯಾರಿಗೆ ಗೊತ್ತಾಗುತ್ತದೆ ಅಂದುಕೊಂಡಿದ್ದೆ. (ಮೀನಿನ ವಾಸನೆ ಹೋಗಲಿ ಅಂತ ಟೆಂಪೋವನ್ನು ಸೋಪು ಹಾಕಿ ತೊಳೆದಿದ್ದರೂ ಊರಿನ ಬೆಕ್ಕುಗಳಿಗೆ ಗೊತ್ತಾಗಿ ಅವು ಆಗಲೇ ಸುತ್ತ ಕೂತಿದ್ದವು.) ಬಲೆಯವರು ಸುದ್ದಿ ಮುಟ್ಟಿಸಿರಬೇಕು, ಸ್ಟೌ ಮೇಲಿಟ್ಟ ಅನ್ನದ ನೀರು ಕುದಿಯುವ ಮೊದಲೇ ಅಕ್ಕ ಬಂದಳು. ನಡಿಗೆಯಲ್ಲಿದ್ದ ಸಿಟ್ಟು ನೋಡಿಯೇ ನನಗೆ ಹೊಟ್ಟೆ ತುಂಬಿತು.

"ಎಂತದಾ ಇದ್?"

"ಕ್ಯಾಂಪಿಂಗ್, ಅಕ್ಕ."

"ನಿನ್ ಕ್ಯಾಂಪಿಂಗಿಗೆ ಬೆಂಕಿ ಬೀಳ. ಅಕ್ಕನ್ ಮನಿ ಇಪ್ಪತಿಗೆ ಹೊಳಿಬದಿಗ್ ಮನಿಕಂತ್ಯಾ? ನಮ್ಮತ್ತಿ ಎಂತ ಕೇಂಡ್ರ್ ಗೊತ್ತಿತ್ತಾ? ನಿನ್ ತಮ್ಮಂಗೆ ನಮ್ಮನಿ ಅನ್ನ ಇಳಿತಿಲ್ಯಾ ಅಂದ್ರ್. ಅದೂ ನೆರೆಮನಿಯರ್ ಎದ್ರಿಗೆ."

ಸೋಲೋ ಟ್ರಿಪ್ ಅಂದರೇನು ಅಂತ ವಿವರಿಸಲು ಬಾಯಿ ತೆರೆದೆ. ಅವಳು ಬಿಡಲಿಲ್ಲ.

"ಅಪ್ಪ ಅಮ್ಮ ಹೋದ್ ಮೇಲೆ ನಂಗ್ ತೌರ್ ಮನಿ ಅಂದ್ರೆ ನೀನೊಬ್ನೇ ಮಾರಾಯ. ನೀನೇ ಬಾಗ್ಲ್ ದಾಟಿ ಹೋರೆ, ಆ ಮನ್ಯಂಗೆ ನಾನ್ ತಲಿ ಎತ್ತುದ್ ಹ್ಯಾಂಗ್?"

ವಿಡಿಯೋದವನಿಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಕ್ಕಿಲ್ಲ. ಅವನ ಸರೋವರದ ದಡದಲ್ಲಿ ಅಕ್ಕ ಇರಲಿಲ್ಲ. ನಾನು ಸ್ಟೌ ಆರಿಸಿದೆ. ಟೆಂಟ್ ಬಿಚ್ಚಿ ಮನೆಗೆ ಬರುತ್ತೇನೆ ಅಂದೆ.

ಅಕ್ಕ ಟೆಂಟಿನ ಬಾಗಿಲು ಎತ್ತಿ ಬಗ್ಗಿ ನೋಡುತ್ತಿದ್ದಳು.

"ಒಳ್ಗ್ ಎಷ್ಟ್ ಜನಕ್ಕ್ ಜಾಗ?"

"ಒಬ್ರಿಗೇ."

"ಒಬ್ರಿಗೇಯಾ?"

ಸಿಟ್ಟು ಎಲ್ಲಿ ಹೋಯಿತೋ. ಚಪ್ಪಲಿ ಬಿಟ್ಟು ಒಳಗೆ ಹೋದಳು. ಒಳಗಿನಿಂದ ಜಿಪ್ ಎಳೆದ ಸದ್ದು ಬಂತು. (ಅದನ್ನು ಕಲಿಯಲಿಕ್ಕೆ ನಾನು ಅರ್ಧ ದಿನ ತೆಗೆದುಕೊಂಡಿದ್ದೆ.)

"ಅಕ್ಕ?"

"ನೀನ್ ಮನಿಗ್ ಹೋಗ್. ಅತ್ತಿ ಎದ್ರಿಗೆ ಕೂಕಂಡ್, ಕೇಂಡ್ ಹಾಯ್ಸ್ಕಂಡ್ ಉಣ್. ಮೀನ್ ಸಾರ್ ಇತ್ತ್."

"ನೀನ್?"

"ಒಂಚೂರ್ ಬೆನ್ನ್ ನೆಟ್ಟಗ್ ಮಾಡ್ಕಂಡ್ ಬತ್ತೆ."

ಹೋದೆ. ಕೇಳಿ ಕೇಳಿ ಹಾಕಿಸಿಕೊಂಡು ಉಂಡೆ. ಅಕ್ಕನ ಅತ್ತೆಯ ಮುಖ ಅರಳಿತು. ಭಾವ ಮಾತ್ರ ಆಚೀಚೆ ನೋಡಿ, "ನಿನ್ನಕ್ಕ ಎಲ್ಲ್?" ಅಂದರು. ಅಕ್ಕ ಟೆಂಟಿನತ್ರ ನನ್ನ ಸಾಮಾನು ಕಾಯ್ತಾ ಇತ್ತ್ ಅಂದೆ. ಭಾವ ಟಾರ್ಚ್ ಹಿಡಿದು ಹೋಗಿ ಬಂದರು.

"ನಿನ್ನಕ್ಕ ಗೊರ್ಕಿ ಹೊಡಿತಾ ಇತ್ತ್. ನಾ ಎಬ್ಸ್ಲಿಲ್ಲೆ." ಟಾರ್ಚ್ ಆರಿಸಿ, "ಬೆಳಿಗ್ಗೆ ಚಾ ಯಾರ್ ಮಾಡುದ್?" ಅಂದರು.

ಯಾರು? ಕ್ಯಾಂಪಿಂಗಿಗೆ ಹೋದವನು. ಬೆಳಿಗ್ಗೆ ಎದ್ದು ಸಕ್ಕರೆ ಡಬ್ಬ ಎಲ್ಲಿದೆ ಅಂತ ಭಾವನನ್ನು ಕೇಳಿದೆ. ಆ ಅಡುಗೆಮನೆ ಕಟ್ಟಿಸಿದವರು ಅವರೇ. ಗೊತ್ತಿರಲಿಲ್ಲ.

ಅಷ್ಟರಲ್ಲಿ ನಿನ್ನೆಯ ಬಲೆಯವರು ಅಂಗಳದ ಬದಿಯಲ್ಲಿ ಹಾದುಹೋದರು. ಅಕ್ಕನ ಅತ್ತೆ ಜಗಲಿಯಿಂದಲೇ ಸಾರಿದರು: "ಗಿರಿಜನ ತಮ್ಮ ನಮ್ಮಲ್ಲೇ ಉಳ್ಕಂಡಿದ್ದ. ಚಾ ಸಹ ಅವ್ನೇ ಮಾಡ್ದ."

ಬಿಸಿಲೇರಿದ ಮೇಲೆ ಅಕ್ಕ ಬಂದಳು. ಮುಖ ತೊಳೆದ ಹಾಗಿತ್ತು.

"ಹ್ಯಾಂಗಾಯ್ತ್?" ಅಂದೆ.

"ಬೆಕ್ಕಿಂದೊಂದ್ ಉಪದ್ರ. ಅದ್ ಬಿಟ್ರೆ ಯಾರೂ ಕರಿಲಿಲ್ಲೆ."

ಯಾರೂ ಕರೆಯಲಿಲ್ಲ. ನನಗೆ ಟೆಂಪೋ ಬಾಡಿಗೆಗೆ ಯಾರೂ ಕರೆಯದ ದಿನ ಅಂದರೆ ಚಿಂತೆ. ಅವಳು ಅದನ್ನು ಹಬ್ಬದೂಟ ಉಂಡವರ ಹಾಗೆ ಹೇಳಿದಳು.

ಟೆಂಟ್ ಬಿಚ್ಚಲು ಹೊರಟರೆ, "ಇರ್ಲಿ, ಬೈಂದೂರಿಂದ ತಿರ್ಗಿ ಬಪ್ಪತಿಗೆ ಕೊಡ್ತೆ" ಅಂದಳು. ಬೈಂದೂರಿನಲ್ಲಿ ಹೆಂಡತಿಯ ಚಿಕ್ಕಮ್ಮನ ಮನೆಗೇ ನೇರ ಹೋಗಿ ಮಲಗಿದೆ. ಬುದ್ಧಿ ಬಂದಿತ್ತು. ವಾಪಸ್ ಬರುವಾಗ ಟೆಂಟ್ ಕೇಳಿದೆ. ಅಕ್ಕ ಚಾ ಕೊಟ್ಟಳು, ಟೆಂಟ್ ಕೊಡಲಿಲ್ಲ.

ಸೋತೆ ಅಂತ ಹೆಂಡತಿಯ ಮುಂದೆ ಒಪ್ಪಿಕೊಂಡು ಎಲ್ಲವನ್ನೂ ಹೇಳಿದೆ. ಅವಳು ನಗಲಿಲ್ಲ. ಮೊನ್ನೆಯಿಂದ ಒಂದೇ ಹಟ: ಗಿರಿಜಕ್ಕನನ್ನು ನೋಡದೆ ತುಂಬಾ ದಿನವಾಯಿತಂತೆ, ಒಬ್ಬಳೇ ಹೋಗಿ ಒಂದು ರಾತ್ರಿ ಇದ್ದು ಬರುತ್ತಾಳಂತೆ.

ಅಕ್ಕನನ್ನು ನೋಡಲಿಕ್ಕೋ, ಟೆಂಟ್ ನೋಡಲಿಕ್ಕೋ?