ದಾಸಮ್ಮನ ಬಾಕಿ

ಕೊರಟಗೆರೆ ತಾಲೂಕು ಕಚೇರಿಯ ಜವಾನ ಸಣ್ಣರಂಗಯ್ಯ ಟಪಾಲು ಕೊಡಲು ಹೊರಟರೆ ಹತ್ತು ನಿಮಿಷದ ದಾರಿಗೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಪೇಟೆ ಬೀದಿಗೆ ಹೋದರೆ ಬಟ್ಟೆ ಅಂಗಡಿಯ ಕಾಡಸಿದ್ದಪ್ಪ ಹಿಡಿಯುತ್ತಾನೆ, ಬಸ್ ಸ್ಟ್ಯಾಂಡಿಗೆ ಹೋದರೆ ಹೋಟೆಲಿನವನು. ಹೀಗಾಗಿ ಮನುಷ್ಯ ಹಿತ್ತಲು, ಬೇಲಿ, ಚರಂಡಿ ದಾಟಿಕೊಂಡು ಸರ್ಕಾರದ ಕಾಗದ ಮುಟ್ಟಿಸುತ್ತಿದ್ದ. ಅವನೇನು ಕುಡುಕನಲ್ಲ, ಇಸ್ಪೀಟು ಮುಟ್ಟಿದವನಲ್ಲ. ಕೇಳಿದವರಿಗೆ ಇಲ್ಲ ಅನ್ನಲು ಬಾಯಿ ಬಾರದು, ಅದೊಂದೇ ರೋಗ. ಕಂಡವರಿಗೆಲ್ಲ ಜಾಮೀನು ನಿಂತ. ಅವರು ಕೈ ಎತ್ತಿದರು. ಒಬ್ಬನ ಸಾಲ ತೀರಿಸಲು ಇನ್ನೊಬ್ಬನ ಮುಂದೆ ಕೈ ಚಾಚಿದ. ಎಪ್ಪತ್ತೊಂಬತ್ತನೇ ಇಸವಿಯ ಹೊತ್ತಿಗೆ ಐದು ಜನರಿಗೆ ಸೇರಿ ಎರಡು ಸಾವಿರ ಆಗಿತ್ತು. ಸಂಬಳ ಮುನ್ನೂರು ಚಿಲ್ಲರೆ. ಕಟ್ಟಿದ್ದೆಲ್ಲ ಬಡ್ಡಿಗೇ ಹೋಗಿ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಗುತ್ತಿತ್ತು.

ಇದಿಷ್ಟು ಊರಿಗೇ ಗೊತ್ತಿತ್ತು. ಗೊತ್ತಿಲ್ಲದ್ದು ಇನ್ನೊಂದಿತ್ತು. ಮಗಳು ವಿಷಮಜ್ವರದಿಂದ ಬದುಕಿ ಉಳಿದಾಗ ಹೆಂಡತಿ ದಾಸಮ್ಮ ಮಾರಮ್ಮನಿಗೆ ಹರಕೆ ಹೊತ್ತು, ಕೂಲಿಯಲ್ಲಿ ಉಳಿಸಿ ಉಳಿಸಿ ನೂರಾ ಎಂಬತ್ತು ರೂಪಾಯಿಯನ್ನು ಅರಿಶಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿ ದೇವರ ಗೂಡಿನಲ್ಲಿಟ್ಟಿದ್ದಳು. ಕಟ್ಟಿದ ಮುಡಿಪನ್ನು ಹರಕೆ ತೀರುವವರೆಗೆ ಯಾರೂ ಬಿಚ್ಚುವುದಿಲ್ಲ. ಆ ಧೈರ್ಯದ ಮೇಲೆಯೇ ಸಣ್ಣರಂಗಯ್ಯ ಅದನ್ನು ಬಿಚ್ಚಿದ್ದ. ದುಡ್ಡು ತೆಗೆದು, ನೋಟಿನ ಬದಲು ಕಚೇರಿಯ ಹಳೆ ಲಕೋಟೆಗಳನ್ನೂ ಚಿಲ್ಲರೆಯ ಬದಲು ನಾಲ್ಕು ಕಬ್ಬಿಣದ ನಟ್ಟುಗಳನ್ನೂ ಇಟ್ಟು ಮೊದಲಿನಂತೆಯೇ ಗಂಟು ಹಾಕಿದ್ದ. ಸಾಲ ಕೊಟ್ಟ ಐದು ಜನ ಕಚೇರಿಯ ಬಾಗಿಲಲ್ಲಿ ನಿಂತು ಬೈದರೂ ಅವನು ತಡೆದಾನು. ದಾಸಮ್ಮನಿಗೆ ಇದು ಗೊತ್ತಾದರೆ ತನ್ನ ಸಂಸಾರ ಉಳಿಯುವುದಿಲ್ಲವೆಂದು ಹೆದರಿದ್ದ.

ದಾರಿ ಕೇಳಲು ಮೊದಲು ಮಧುಗಿರಿಯ ವಕೀಲರೊಬ್ಬರ ಗುಮಾಸ್ತನ ಬಳಿ ಹೋದ.

"ಐಪಿ ಹಾಕ್ಬುಡು ಕಣಯ್ಯ. ದಿವಾಳಿ ಅಂತ ಕೋರ್ಟು ಬರ್ಕೊಟ್ರೆ ಒಬ್ನೂ ನಿನ್ನ ಕೇಳಂಗಿಲ್ಲ. ಖರ್ಚು ನೂರೈವತ್ತು, ಮೊದ್ಲೇ ಕೊಡ್ಬೇಕು."

ಸಾಲದಿಂದ ಪಾರಾಗಲು ಇನ್ನೊಂದು ಸಾಲ. ಎಂಥಾ ಔಷಧಿ ನೋಡಿ! ಸಣ್ಣರಂಗಯ್ಯ ವಾಪಸು ಬಸ್ಸು ಹತ್ತಿದ.

ಆಮೇಲೆ ನೆನಪಾದವಳು ಕಚೇರಿಯ ಎದುರು ಪುರಿ, ಹುರಿಗಡಲೆ ಮಾರುವ ಹನುಮಕ್ಕ. ಐದು ಜನರಲ್ಲಿ ಅವಳೂ ಒಬ್ಬಳು. ಆದರೆ ಸಂಬಳದ ದಿನ ಎದ್ದು ಬಂದು ಅಡ್ಡ ಹಾಕದಿದ್ದವಳು ಅವಳೊಬ್ಬಳೇ. ಗಂಡ ಬಿಟ್ಟು ಹೋದ ಸಾಲವನ್ನೆಲ್ಲ ಪುರಿ ಅಳೆದೇ ತೀರಿಸಿದ ಹೆಂಗಸು.

"ಸಲಹೆಗೆ ದುಡ್ಡು ಬ್ಯಾಡ," ಅಂದಳು ಹನುಮಕ್ಕ. "ನನ್ ಬಾಕಿ ಕೊನೇಲಿ ಕೊಡು. ಆದ್ರೆ ಲೆಕ್ಕ ಹಾಕಾಗ ದಾಸಮ್ಮ ಎದ್ರುಗೆ ಕುಂತಿರ್ಬೇಕು. ಇನ್ಮ್ಯಾಲೆ ಯಾರ್ಗೂ ಜಾಮೀನು ನಿಲ್ಲಂಗಿಲ್ಲ. ಇನ್ನೊಂದು, ಒಂದು ಸಾಲಾನೂ ಮುಚ್ಚಿಡಂಗಿಲ್ಲ."

"ಅವ್ಳ್ಯಾಕಕ್ಕ ಇದ್ಕೆಲ್ಲ?"

"ಉಣ್ಣದು ಒಂದೇ ಮಡಕೇಲಿ ತಾನೆ?"

ಮೂವರೂ ಕೂತರು. ಸಣ್ಣರಂಗಯ್ಯ ಐದು ಹೆಸರು ಹೇಳಿದ. "ಇಷ್ಟೇನಾ?" ಎಂದು ಹನುಮಕ್ಕ ಎರಡು ಸಲ ಕೇಳಿದಳು. ಇಷ್ಟೇ, ಅಂದ. ದಾಸಮ್ಮನ ಮುಖ ನೋಡಲಿಲ್ಲ.

ಹನುಮಕ್ಕನ ಕ್ರಮ ಸರಳವಾಗಿತ್ತು. ಅವರು ಹುಡುಕಿಕೊಂಡು ಬರುವ ಮೊದಲೇ ನಾವೇ ಹೋಗಬೇಕು, ಹಗಲು ಹೊತ್ತಿನಲ್ಲಿ, ಪೇಟೆ ಬೀದಿಯ ನಟ್ಟನಡುವೆ ನಡೆದು ಹೋಗಬೇಕು. ಹೊಸ್ತಿಲ ಹೊರಗೆ ನಿಂತು, "ತಡ ಆಯ್ತು, ತಪ್ಪಾಯ್ತು, ಈಗ ಇಷ್ಟು ತಕ್ಕಳಿ" ಎಂದು ಹೇಳಬೇಕು. ಮೊದಲ ದಿನ ಅವನು ಹಾಗೇ ಹೊರಟ. ಹೋಟೆಲಿನವನು ಬೈಯಲು ಬಾಯಿ ತೆರೆದವನು, ತಾನೇ ಬಂದವನನ್ನು ಏನೆಂದು ಬೈಯಲಿ, ಹತ್ತು ರೂಪಾಯಿ ತೆಗೆದುಕೊಂಡ. ಕಾಡಸಿದ್ದಪ್ಪನಂತೂ ಇಡಿಗಂಟಾಗಿ ನೂರೈವತ್ತು ಕೊಟ್ಟರೆ ಬಡ್ಡಿಯನ್ನೆಲ್ಲ ಬಿಡುತ್ತೇನೆಂದ.

ಸಣ್ಣರಂಗಯ್ಯನಿಗೆ ಎಷ್ಟೋ ವರ್ಷಗಳ ಮೇಲೆ ಮನಸ್ಸು ಹಗುರಾಯಿತು. ಆ ಹಗುರ ಮನೆ ತಲುಪುವವರೆಗೆ ಮಾತ್ರ. ಜೊತೆಗೆ ಬಂದ ಹನುಮಕ್ಕ ಕಾಡಸಿದ್ದಪ್ಪನ ಮಾತನ್ನು ದಾಸಮ್ಮನಿಗೆ ಹೇಳಿದಳು.

"ಮುಡಿಪು ಐತಲ್ಲ," ಅಂದಳು ದಾಸಮ್ಮ. "ಅಮ್ಮನ ಕೈಲಿ ತಪ್ಪಾಯ್ತು ಅಂತ ಕೇಳ್ಕಂಡು ತೆಗೆಯನ. ಆಮ್ಯಾಕೆ ತಿರ್ಗಾ ಕಟ್ಟಿದ್ರಾಯ್ತು."

"ಬ್ಯಾಡ ಬುಡು. ದೇವ್ರ ದುಡ್ಡು."

"ನನ್ ಮಾರಮ್ಮನ್ನ ನಾನ್ ಕೇಳ್ಕಂತೀನಿ."

ಕೈಮುಗಿದು ಗಂಟು ಬಿಚ್ಚಿದಳು. ಲಕೋಟೆ ಬಂತು. ನಟ್ಟು ಉರುಳಿದವು. ಲಕೋಟೆಯ ಮೇಲಿದ್ದ ಕಚೇರಿಯ ಮೊಹರನ್ನು ಬಹಳ ಹೊತ್ತು ನೋಡಿದಳು. ಅವಳಿಗೆ ಓದು ಬಾರದು, ಮೊಹರಿನ ಗುರುತು ಗೊತ್ತಿತ್ತು. ಆಮೇಲೆ ಹನುಮಕ್ಕನ ಕಡೆ ತಿರುಗಿದಳು.

"ಅಕ್ಕ, ಇನ್ನೊಂದು ಹೆಸ್ರು ಸೇರ್ಸು. ದಾಸಮ್ಮ, ನೂರಾ ಎಂಬತ್ತು."

ಮುಂದಿನ ಸಂಬಳದ ದಿನ ಹನುಮಕ್ಕ ಅವನನ್ನು ಎಲ್ಲ ಅಂಗಡಿಗಳಿಗೂ ಕರೆದುಕೊಂಡು ಹೋಗಿ, ಕಡೆಗೆ ಅವನದೇ ಮನೆಯ ಹೊಸ್ತಿಲ ಹೊರಗೆ ನಿಲ್ಲಿಸಿದಳು. ಎಲ್ಲರ ಮುಂದೆಯೂ ಹೇಳಿ ಹೇಳಿ ನಾಲಿಗೆಗೆ ರೂಢಿಯಾದ ಮಾತು ಅಲ್ಲಿ ಹೊರಡಲಿಲ್ಲ. ಹತ್ತು ರೂಪಾಯಿಯ ನೋಟು ಹಿಡಿದು ಸಣ್ಣರಂಗಯ್ಯ ಅತ್ತುಬಿಟ್ಟ.

ದಾಸಮ್ಮ ನೋಟು ತೆಗೆದುಕೊಂಡಳು. "ಇದು ಮಾರಮ್ಮಂದು. ನಂದು ಬ್ಯಾರೆ ಐತೆ. ಅದು ದುಡ್ನಾಗೆ ತೀರಕಿಲ್ಲ. ದಿನಾ ಸಂಜೆ ಬಂದು, ಆವತ್ತು ಆಗಿದ್ದು ಆದಂಗೆ ನಂಗೆ ಹೇಳು."

ಮೂರು ವರ್ಷದಲ್ಲಿ ಐವರ ಬಾಕಿಯೂ ತೀರಿತು, ಮಾರಮ್ಮನ ಹರಕೆಯೂ ಆಯಿತು. ಸಣ್ಣರಂಗಯ್ಯ ಪ್ರತಿ ಸಂಜೆ ಹೇಳುತ್ತಲೇ ಇದ್ದ: ಎರಡು ಕಾಫಿ ಕುಡಿದೆ, ಒಂದನ್ನು ಶಿರಸ್ತೇದಾರರು ಕೊಡಿಸಿದರು; ಒಬ್ಬ ಜಾಮೀನು ಕೇಳಿದ, ಇಲ್ಲ ಅಂದೆ, ಎದೆ ಹೊಡೆದುಕೊಂಡಿತು. ಅವಳು ರಾಗಿ ಕೇರುತ್ತ ಕೇಳುತ್ತಿದ್ದಳು. ನಿವೃತ್ತಿಯ ಹಿಂದಿನ ವರ್ಷ ಒಂದು ಸಂಜೆ, ಧೈರ್ಯ ಮಾಡಿ ಕೇಳಿದ.

"ನಿಂದು ಇನ್ನೂ ಎಷ್ಟೈತೆ?"

ದಾಸಮ್ಮ ಮೊರ ಕೆಳಗಿಟ್ಟಳು. "ಯಾವತ್ತೋ ತೀರ್ತು ಕಣಯ್ಯ," ಅಂದಳು. "ಹೇಳಿದ್ರೆ ಎಲ್ಲಿ ಮಾತಾಡಾದು ನಿಲ್ಲಿಸ್ಬುಡ್ತೀಯೋ ಅಂತ ಸುಮ್ಕಿದ್ದೆ."