ಮೈಥಿಲಿಯ ಹೌದಪ್ಪ

ಮೈಥಿಲಿಗೆ ಬಿದ್ದ ಮೊದಲ ಏಟು ನನ್ನ ಕಿವಿಗೆ ಕೇಳಿದ್ದು ತೊಂಬತ್ತೆಂಟರ ಫೆಬ್ರುವರಿಯಲ್ಲಿ, ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಾ ನಿಂತಿದ್ದಾಗ. ಗೋಡೆಯ ಆಚೆ ಏನೋ ದಡಾರನೆ ಬಿತ್ತು. ಆಮೇಲೆ ಅವಳ ಗಂಡ ಪ್ರಹ್ಲಾದನ ದನಿ, ಅದರ ಹಿಂದೆ ಅವಳದು: "ಹೌದಪ್ಪ. ಹೌದಪ್ಪಾ, ನಂದೇ ತಪ್ಪು." ನಾನು ಹೆಚ್ಚುವುದನ್ನು ನಿಲ್ಲಿಸಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಪ್ರಹ್ಲಾದನ ಮೇಲೆ ಸಿಟ್ಟು ಕಾರುವುದಿದೆ, ಆಗ ನೀವು ಈ ಅಕೀಲಾ ಬಹಳ ಒಳ್ಳೆಯವಳು ಎಂದುಕೊಳ್ಳಬಾರದು.

ಡಚ್ಚರ ದೇಶದ ಜೂಟರ್‌ಮೀರ್ ಎಂಬ ಊರಿನಲ್ಲಿ ನಾವಿದ್ದ ಕಟ್ಟಡದ ಮೂರನೇ ಅಂತಸ್ತಿನಲ್ಲಿ ಎಲ್ಲ ಮನೆಗಳಿಗೂ ಸೇರಿ ಒಂದೇ ಉದ್ದದ ಜಗಲಿ. ಬಾಗಿಲುಗಳೂ ಅಡುಗೆಮನೆಯ ಕಿಟಕಿಗಳೂ ಅದಕ್ಕೇ ತೆರೆದುಕೊಳ್ಳುತ್ತಿದ್ದವು. ಮೊದಲು ನಮ್ಮ ಮನೆ, ಪಕ್ಕದಲ್ಲಿ ಪ್ರಹ್ಲಾದ ಮತ್ತು ಮೈಥಿಲಿ, ಅವರ ಆಚೆ ಯಾನ್ನಿ ಎಂಬ ಎಪ್ಪತ್ತೊಂದರ ಡಚ್ ವಿಧವೆ. ನನ್ನ ಗಂಡ ಹನೀಫ್ ಮತ್ತು ಪ್ರಹ್ಲಾದ ಬೆಂಗಳೂರಿನ ಒಂದೇ ಕಂಪನಿಯಿಂದ ಬಂದವರು. ಎರಡು ಸಾವಿರನೇ ಇಸವಿ ಬಂದಾಗ ಕಂಪ್ಯೂಟರುಗಳು ತಾರೀಕು ತಪ್ಪದಂತೆ ನೋಡಿಕೊಳ್ಳುವುದು ಅವರ ಕೆಲಸ.

ಮೈಥಿಲಿ ಮೈಸೂರಿನ ಸರಸ್ವತೀಪುರಂನವಳು. ಬಂದ ಮೂರನೇ ದಿನ ನನ್ನ ಬಾಗಿಲು ಬಡಿದು, "ನೀವು ತುಮಕೂರಂತೆ, ಕನ್ನಡ ಅಂತೆ? ಅಬ್ಬಾ, ಬದುಕ್ಕೊಂಡೆ! ಮೊದ್ಲು ಕೊತ್ತಂಬರಿ ಸೊಪ್ಪಿಗೆ ಇಲ್ಲಿ ಏನಂತಾರೆ ಹೇಳಿ" ಎಂದು ಕೇಳಿದ್ದಳು. ಒಂದು ವಾರದಲ್ಲಿ ನೀವು ಹೋಗಿ ನೀನು ಆಯಿತು. ಸಾರಿನ ಪುಡಿ ಅವಳಿಂದ ನನಗೆ, ಮೊಟ್ಟೆ ಪಲ್ಯ ಗುಟ್ಟಾಗಿ ನನ್ನಿಂದ ಅವಳಿಗೆ. ಅವಳಿಗೆ ಸೈಕಲ್ ಕಲಿಸಿದವಳು ನಾನೇ. ಕಾಲುವೆಯ ದಂಡೆಯ ಮೇಲೆ ಬಾತುಕೋಳಿಗಳ ನಡುವೆ ಬಿದ್ದು ಅವಳು ನಕ್ಕ ನಗು ಆಚೆ ದಡದ ಜನರಿಗೂ ಕೇಳಿಸಿತ್ತು. ಬಡಾವಣೆಯ ಸಮುದಾಯ ಭವನದಲ್ಲಿ ಡಚ್ ಕಲಿಸುತ್ತಿದ್ದರು, ಅಲ್ಲಿಗೂ ಎರಡು ದಿನ ನನ್ನ ಜೊತೆ ಬಂದಳು. ಮೂರನೇ ದಿನ ಪ್ರಹ್ಲಾದ ಅವಳ ಪುಸ್ತಕವನ್ನು ಎರಡಾಗಿ ಹರಿದು ಜಗಲಿಯಿಂದ ಕೆಳಕ್ಕೆ ಎಸೆದ. "ಡಚ್ ಕಲ್ತು ಯಾರ ಹತ್ರ ಮಾತಾಡ್ಬೇಕು ನಿಂಗೆ?" ಎಂದು ಅವನು ಬೈದದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ.

ಈ ದೇಶದಲ್ಲಿ ಯಾರೂ ಕಿಟಕಿಯ ಪರದೆ ಎಳೆಯುವುದಿಲ್ಲ. ಸೋಫಾ, ದೀಪ, ಊಟದ ತಟ್ಟೆ ಎಲ್ಲ ಬೀದಿಗೆ ಕಾಣಿಸುತ್ತಿರುತ್ತದೆ. ಪ್ರಹ್ಲಾದನ ಮನೆಯಲ್ಲಿ ಮಾತ್ರ ಹಗಲಲ್ಲೂ ಪರದೆ.

ಹೊರಗೆ ನೋಡಿದರೆ ಅವನಂಥ ಸಾಧು ಇಲ್ಲ. ಯಾನ್ನಿಯ ತರಕಾರಿ ಚೀಲ ಹೊತ್ತು ತರುತ್ತಿದ್ದ. ಆದರೆ ಆಫೀಸಿನ ಡಚ್ ಮ್ಯಾನೇಜರ್ ಎಲ್ಲರೆದುರು "ಇದು ಚೆನ್ನಾಗಿಲ್ಲ, ಮತ್ತೆ ಮಾಡು" ಎಂದು ಮುಖಕ್ಕೇ ಹೇಳುತ್ತಿದ್ದ. ಹೇಳಿದ ಹತ್ತು ನಿಮಿಷಕ್ಕೆ ತಾನು ಬೈದವನ ಪಕ್ಕದಲ್ಲೇ ಕೂತು ಬ್ರೆಡ್ಡು ತಿನ್ನುತ್ತಿದ್ದ. ಇಲ್ಲಿಯವರಿಗೆ ಅದು ಅವಮಾನವೇ ಅಲ್ಲ. ಹುಟ್ಟಿದಾಗಿನಿಂದ ಫಸ್ಟ್ ರ‍್ಯಾಂಕ್ ಬಂದಿದ್ದ ಪ್ರಹ್ಲಾದ ಅಲ್ಲಿ ನಗುನಗುತ್ತಾ ನುಂಗಿಕೊಂಡು, ಮನೆಗೆ ಬಂದು ಇವಳ ಬೆನ್ನಿನ ಮೇಲೆ ಕಕ್ಕುತ್ತಿದ್ದ. "ಇವತ್ತು ಮೀಟಿಂಗಲ್ಲಿ ಪ್ರಹ್ಲಾದನಿಗೆ ಬಿತ್ತು ಕಣೆ" ಎಂದು ಹನೀಫ್ ಶೂ ಬಿಚ್ಚುತ್ತಾ ಹೇಳಿದರೆ, ಆ ಸಂಜೆ ಗೋಡೆಯ ಆಚೆ ಏನಾಗುತ್ತದೆಂದು ನನಗೆ ಗೊತ್ತಾಗುತ್ತಿತ್ತು. ಟಿವಿಯ ಸದ್ದು ಜಾಸ್ತಿ ಮಾಡುತ್ತಿದ್ದೆ. ಥೂ ನನ್ನ ಬಾಳಿಗೆ!

ಅವನ ಹೊಡೆತಕ್ಕೆ ಒಂದು ಕ್ರಮವಿತ್ತು. ಮೊದಲು ಪ್ರಶ್ನೆ, ಆಮೇಲೆ ಏಟು. "ಬುದ್ಧಿ ಇಲ್ಲ ಅಲ್ವಾ ನಿಂಗೆ?" ಒಂದು ಏಟು. "ಹೌದಪ್ಪ." "ದಂಡಪಿಂಡ ಅಲ್ವಾ ನೀನು?" ಇನ್ನೊಂದು. "ಹೌದಪ್ಪ." ಉತ್ತರ ಬಾರದಿದ್ದರೆ ಒದೆ. ಮೆಲ್ಲಗೆ ಹೇಳಿದರೆ, "ಕೇಳಿಸ್ಲಿಲ್ಲ, ಜೋರಾಗಿ ಹೇಳು!" ಎನ್ನುತ್ತಿದ್ದ. ಆಗ ಅವಳು ಗಂಟಲು ಹರಿಯುವಂತೆ "ಹೌದಪ್ಪಾ! ಹೌದಪ್ಪಾ!" ಎಂದು ಕೂಗುತ್ತಿದ್ದಳು. ಒಪ್ಪಿಕೊಂಡಳಲ್ಲ, ಇನ್ನೇನು ನಿಲ್ಲುತ್ತದೆ ಎಂದು ನಾನು ಈಚೆ ಕಡೆ ಲೆಕ್ಕ ಹಾಕುತ್ತಿದ್ದೆ.

ಏಪ್ರಿಲ್‌ನಲ್ಲಿ ಅವಳ ತುಟಿ ಸೀಳಿತ್ತು. ಜೂನ್‌ನಲ್ಲಿ ಬಲಗೈಯ ಎರಡು ಬೆರಳು ಊದಿ ನೇರಳೆಯಾಗಿದ್ದವು. ಬಾಗಿಲ ಸಂದಿಯಲ್ಲಿ ಅವಳ ಕೈ ಇಟ್ಟು ಬಾಗಿಲು ಹಾಕಿದ್ದನಂತೆ. ಆಗಸ್ಟ್‌ನಲ್ಲಿ ತಲೆಯ ಹಿಂಭಾಗದಲ್ಲಿ ನಾಲ್ಕಾಣೆಯಗಲ ಕೂದಲೇ ಇರಲಿಲ್ಲ. ಅವತ್ತು ಪೊಲೀಸರಿಗೆ ಹೇಳೋಣ ಎಂದೆ. ಅವಳು ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಬೇಡ ಕಣೆ ಅಕೀಲಾ, ನಿನ್ನ ದಮ್ಮಯ್ಯ. ಇಲ್ಲಿರೋಕೆ ನನ್ನ ಪರ್ಮಿಟ್ಟು ನಿಂತಿರೋದೇ ಇವರ ಹೆಸರ ಮೇಲೆ. ಇವರೊಂದು ಕಾಗದ ಬರೆದ್ರೆ ನಾನು ಮೈಸೂರಿಗೆ. ಅಲ್ಲಿ ಅಪ್ಪ ನಾಲ್ಕು ದಿನ ಇಟ್ಕೊಂಡು, ಬುದ್ಧಿ ಹೇಳಿ, ಮತ್ತೆ ಇವರ ಹತ್ರಾನೇ ಕಳಿಸ್ತಾರೆ. ಹಂಗೆ ವಾಪಸ್ ಬಂದ್ರೆ ಇವರು ನನ್ನ ಉಳಿಸಲ್ಲ. ಕೊಂದ್ಬಿಡ್ತಾರೆ."

ಹೀಗೆ ಹೇಳಿದವಳು ಎದ್ದು ಹೋಗಿ ಅವನಿಗೆ ಚಪಾತಿ ಹಿಟ್ಟು ಕಲಸಿದಳು. ನಾನು ಹನೀಫನಿಗೆ ಹೇಳಿದರೆ, "ಗಂಡ ಹೆಂಡ್ತಿ ವಿಷಯ, ನಾವ್ಯಾಕೆ ತಲೆ ಹಾಕ್ಬೇಕು?" ಎಂದ. ಸೆಪ್ಟೆಂಬರ್‌ನಲ್ಲಿ ಲಿಫ್ಟಿನೊಳಗೆ ಯಾನ್ನಿ ನನ್ನನ್ನು ನೇರವಾಗಿ ನೋಡಿ ಕೇಳಿದಳು, "ನಿನ್ನ ಗೆಳತಿ ಚೆನ್ನಾಗಿದ್ದಾಳಾ?" ಚೆನ್ನಾಗಿದ್ದಾಳೆ ಎಂದೆ. ನಮ್ಮವರ ಮಾನ ಪರದೇಶದ ಲಿಫ್ಟಿನಲ್ಲಿ ಹರಾಜಾಗಬಾರದಲ್ಲ!

ಅಕ್ಟೋಬರ್‌ನ ಎರಡನೇ ಶನಿವಾರ ಯಾನ್ನಿಯ ಹುಟ್ಟುಹಬ್ಬ. ಇಲ್ಲಿ ಹುಟ್ಟುಹಬ್ಬ ಎಂದರೆ ಬಂದವರೆಲ್ಲ ದುಂಡಗೆ ಕುರ್ಚಿ ಹಾಕಿಕೊಂಡು ಕೂತು ಒಂದೊಂದು ತುಂಡು ಕೇಕು ತಿನ್ನುವುದು. ಪ್ರಹ್ಲಾದ ಹೊರಗೆ ಹೋಗಿದ್ದಾಗ ಮೈಥಿಲಿ ಹತ್ತು ನಿಮಿಷ ಹೋಗಿ ಆ ದುಂಡಿನಲ್ಲಿ ಕೂತು ಬಂದಳು. ಅವಳು ವಾಪಸ್ ಬಂದು ಹುಳಿಗೆ ಒಗ್ಗರಣೆ ಇಡುವಷ್ಟರಲ್ಲಿ ಅವನೂ ಬಂದ. ಅವಳು ಜಗಲಿಯಲ್ಲಿ ನಡೆದುಬಂದದ್ದನ್ನು ಕೆಳಗಿನಿಂದಲೇ ನೋಡಿದ್ದನಂತೆ. ಹಿಂದಿನ ದಿನ ಮೀಟಿಂಗ್ ಇತ್ತು.

"ಎಲ್ಲಿಗೆ ಹೋಗಿದ್ದೆ? ನನ್ನ ಕೇಳಿದ್ಯಾ?" ಎಂದದ್ದು ಕೇಳಿತು. ಅವಳ ಉತ್ತರ ಕೇಳಲಿಲ್ಲ. ಸಾಸಿವೆ ಸಿಡಿಯುವ ಸದ್ದು ಕೇಳಿತು. ಆಮೇಲೆ ಬಂದದ್ದು ನಾನು ಅದುವರೆಗೆ ಮನುಷ್ಯರಿಂದ ಕೇಳಿರದ ಕೂಗು. ಒಗ್ಗರಣೆ ಸೌಟನ್ನು ಒಲೆಯ ಮೇಲಿಂದ ಎತ್ತಿ, ಕಾದ ಎಣ್ಣೆಯ ಸಮೇತ ಅವಳ ಕತ್ತಿಗೆ ಒತ್ತಿದ್ದ.

"ಮನೆ ಬಿಟ್ಟು ತಿರುಗೋ ನಾಯಿ ಅಲ್ವಾ ನೀನು? ಹೇಳು!"

"ಹೌದಪ್ಪಾ! ಹೌದಪ್ಪಾ! ಹೌದಪ್ಪಾ!"

ನಾನು ಜಗಲಿಗೆ ಓಡಿಬಂದೆ. ಬಂದೆ, ಅಷ್ಟೇ. ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟೆ. ಆಚೆ ಕಡೆಯಿಂದ ಯಾನ್ನಿ ಬಂದಳು. ಹುಟ್ಟುಹಬ್ಬದ ಹೊಸ ಅಂಗಿ, ಕೈಯಲ್ಲಿ ಊರುಗೋಲು. ಬಾಗಿಲು ಬಡಿದಳು, ತೆಗೆಯಲಿಲ್ಲ. ಕೋಲನ್ನು ಎರಡೂ ಕೈಯಲ್ಲಿ ಎತ್ತಿ ಅಡುಗೆಮನೆಯ ಕಿಟಕಿಗೆ ಬೀಸಿದಳು. ಗಾಜು ಒಡೆದು ಜಗಲಿಯ ತುಂಬ ಬಿತ್ತು. ಇನ್ನೂ ಎರಡು ಸಲ ಬೀಸಿದಳು. ಒಡೆದ ಗಾಜಿನೊಳಗೆ ಕೈ ಹಾಕಿ ಪರದೆಯನ್ನು ಕಡ್ಡಿಯ ಸಮೇತ ಕಿತ್ತು ಎಳೆದಳು. ಅವಳ ಮೊಳಕೈಯಿಂದ ರಕ್ತ ಸುರಿಯುತ್ತಿತ್ತು.

ಒಳಗೆ ಮೈಥಿಲಿ ನೆಲದ ಮೇಲಿದ್ದಳು. ಅವಳ ಜಡೆಯ ಮೇಲೆ ಅವನ ಕಾಲು. ನಮ್ಮನ್ನು ನೋಡಿ ಅವನು ಕಾಲು ತೆಗೆದ, ಕೂದಲು ಸರಿಮಾಡಿಕೊಂಡ, ನಕ್ಕ.

ಯಾನ್ನಿ ಮೊದಲೇ ಫೋನ್ ಮಾಡಿದ್ದಳು. ಹತ್ತು ನಿಮಿಷದಲ್ಲಿ ಇಬ್ಬರು ಪೊಲೀಸರು ಬಂದರು, ಒಬ್ಬಳು ಹೆಂಗಸು, ಒಬ್ಬ ಗಂಡಸು. ಅಷ್ಟರಲ್ಲಿ ಪ್ರಹ್ಲಾದ ನೆಲ ಒರೆಸಿದ್ದ. ಅವರಿಗೆ ಕಾಫಿ ಬೇಕೇ ಎಂದು ಇಂಗ್ಲಿಷಿನಲ್ಲಿ ಕೇಳಿದ, ಎಣ್ಣೆ ಸಿಡಿದು ಸಣ್ಣ ಆಕ್ಸಿಡೆಂಟು ಎಂದ. ಮೈಥಿಲಿ ಒದ್ದೆ ಬಟ್ಟೆಯನ್ನು ಕತ್ತಿಗೆ ಒತ್ತಿಕೊಂಡು ಕುರ್ಚಿಯ ಮೇಲೆ ಕೂತಿದ್ದಳು. ಏನು ಕೇಳಿದರೂ ಬಾಯಿ ಬಿಡಲಿಲ್ಲ. ಡಚ್ಚೂ ಕನ್ನಡವೂ ಬಲ್ಲವಳೆಂದು ಆ ಪೊಲೀಸ್ ಹೆಂಗಸು ನನ್ನನ್ನು ಒಳಗೆ ಕರೆದಳು. ಯಾನ್ನಿಯ ಕೈಗೆ ಜಗಲಿಯ ಆಚೆ ತುದಿಯಲ್ಲಿ ಹುಟ್ಟುಹಬ್ಬಕ್ಕೆ ಬಂದಿದ್ದವರು ಯಾರೋ ಬಟ್ಟೆ ಕಟ್ಟುತ್ತಿದ್ದರು.

"ಪಕ್ಕದ ಮನೆಯವರು ಹೇಳುತ್ತಿದ್ದಾರೆ," ಎಂದಳು ಪೊಲೀಸ್ ಹೆಂಗಸು, "ಎಂಟು ತಿಂಗಳಿಂದ ಈಕೆ 'ಹೌಡ್ ಆಪ್, ಹೌಡ್ ಆಪ್' ಎಂದು ಕೂಗುವುದು ಗೋಡೆಯ ಮೂಲಕ ಕೇಳುತ್ತಿದೆಯಂತೆ. ಇದು ನಿಜವೇ ಎಂದು ಕೇಳಿ."

ನನಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ಡಚ್ಚಿನಲ್ಲಿ ಹೌಡ್ ಆಪ್ ಎಂದರೆ ನಿಲ್ಲಿಸು. ಸಾಕು, ನಿಲ್ಲಿಸು. ಇವಳಿಗೆ ಆ ಮಾತು ಎಲ್ಲಿ ಬರಬೇಕು? ಪುಸ್ತಕವನ್ನೇ ಹರಿದು ಹಾಕಿದ್ದನಲ್ಲ. ಆಮೇಲೆ ತಟ್ಟನೆ ಹೊಳೆಯಿತು. ಯಾ ಅಲ್ಲಾ! ಹೌದಪ್ಪ.

ಪ್ರಹ್ಲಾದನಿಗೂ ಹೊಳೆಯಿತು. ಜೋರಾಗಿ ನಕ್ಕುಬಿಟ್ಟ. "ಅಯ್ಯೋ, ಅದು ಡಚ್ ಅಲ್ಲ. ನಮ್ಮ ಭಾಷೆಯ ಮಾತು. ಅದರ ಅರ್ಥ ಯೆಸ್. ಇವಳು ಯೆಸ್ ಅಂತಿದ್ದಳು, ಅಜ್ಜಿಗೆ ಸ್ಟಾಪ್ ಅಂತ ಕೇಳಿಸಿದೆ!" ಎಂದು ಅವರಿಗೆ ಇಂಗ್ಲಿಷಿನಲ್ಲಿ ಹೇಳಿ ನನ್ನ ಕಡೆ ತಿರುಗಿದ. "ಹೇಳಿ ಅಕೀಲಾ ಅವ್ರೇ, ಹೌದಪ್ಪ ಅಂದ್ರೆ ಯೆಸ್ ತಾನೆ? ನಿಜ ಹೇಳಿ."

ಪೊಲೀಸ್ ಹೆಂಗಸು ಪೆನ್ನು ಎತ್ತಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನಿಜ ಹೇಳಿದರೆ ಅವಳು ಅದನ್ನೇ ಬರೆದುಕೊಂಡು ಹೋಗುತ್ತಾಳೆ, ಬಾಗಿಲು ಹಾಕಿಕೊಂಡ ಮೇಲೆ ಇವನು ಇವಳನ್ನು ಉಳಿಸುವುದಿಲ್ಲ. ಸುಳ್ಳು ಹೇಳಿದರೆ ನಾಳೆ ಯಾವ ಕನ್ನಡದವನಾದರೂ ಒಂದೇ ಮಾತಿನಲ್ಲಿ ಅದನ್ನು ಬಯಲು ಮಾಡುತ್ತಾನೆ.

"ಏನಂತೆ ಅಕೀಲಾ?" ಎಂದಳು ಮೈಥಿಲಿ. ಅಷ್ಟು ಹೊತ್ತಿಗೆ ಅವಳು ಆಡಿದ ಮೊದಲ ಮಾತು. "ಯಾಕೆ ನಗ್ತಿದಾರೆ ಇವರು?"

ಅವಳ ಎದುರು ಮಂಡಿಯೂರಿ ಕನ್ನಡದಲ್ಲೇ ಹೇಳಿದೆ. "ನೀನು ಹೌದಪ್ಪ ಅಂತ ಕೂಗ್ತಿದ್ಯಲ್ಲ, ಅದು ಇವರ ಭಾಷೇಲಿ ಬೇರೆ ಮಾತು ಕಣೆ. ನಿಲ್ಸು ಅಂತ ಅರ್ಥ. ಎಂಟು ತಿಂಗಳಿಂದ ನೀನು ನಿಲ್ಸು, ನಿಲ್ಸು ಅಂತ ಕೂಗ್ತಿದೀಯಾ ಅಂದ್ಕೊಂಡು ಆ ಮುದುಕಿ ಕಿಟಕಿ ಒಡೆದ್ಲು."

ಮೈಥಿಲಿ ಒಡೆದ ಕಿಟಕಿಯ ಕಡೆ ನೋಡಿದಳು. ಪರದೆ ಇರಲಿಲ್ಲ, ಬಿಸಿಲು ನೇರವಾಗಿ ಒಳಗೆ ಬೀಳುತ್ತಿತ್ತು. "ಹೇಗೆ ಹೇಳ್ತಾರೆ ಅದನ್ನ?" ಎಂದು ಕೇಳಿದಳು. ನಾನು ಬಿಡಿಸಿ ಹೇಳಿಕೊಟ್ಟೆ. ಅವಳು ಎದ್ದು ನಿಂತಳು. ಗಂಡನ ಮುಖ ನೋಡಿ, ಎರಡು ಮಾತನ್ನೂ ಬೇರೆ ಬೇರೆ ಮಾಡಿ ಹೇಳಿದಳು.

"ಹೌಡ್. ಆಪ್."

"ಏನಂದೆ?" ಎಂದ ಪ್ರಹ್ಲಾದ. ಮನೆಯಲ್ಲಿ ಯಾರಿದ್ದಾರೆಂಬುದು ಅವನಿಗೆ ಮರೆತೇಹೋಯಿತು. ಮುಷ್ಟಿ ಕಟ್ಟಿ ಅವಳ ಸುಟ್ಟ ಕತ್ತಿನ ಮೇಲೆಯೇ ಗುದ್ದಿದ. ಹಿಂದಿದ್ದ ಕುರ್ಚಿಯ ಸಮೇತ ಅವಳು ಉರುಳಿದಳು. ಮರುಗಳಿಗೆಯಲ್ಲಿ ಆ ಪೊಲೀಸಿನವನು ಅವನ ಕೈ ತಿರುಚಿ ನೆಲಕ್ಕೆ ಕೆಡವಿ ಬೆನ್ನ ಮೇಲೆ ಮಂಡಿ ಊರಿದ್ದ. ಮೂಳೆ ಲಟಕ್ಕೆಂದದ್ದು ಕೇಳಿತು. ಪ್ರಹ್ಲಾದ ಕನ್ನಡದಲ್ಲಿ ಅಮ್ಮನನ್ನು ಕೂಗಿಕೊಂಡ. ನನಗೆ ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ಪೊಲೀಸ್ ಹೆಂಗಸು ಕಣ್ಣಾರೆ ಕಂಡದ್ದನ್ನು ಬರೆದುಕೊಂಡಳು. ಹೌದಪ್ಪನ ಅರ್ಥ ಏನೆಂದು ಆಮೇಲೆ ಯಾರೂ ನನ್ನನ್ನು ಕೇಳಲಿಲ್ಲ.

ಆಸ್ಪತ್ರೆಯಿಂದ ಅವಳನ್ನು ಹೊಡೆತ ತಿಂದ ಹೆಂಗಸರ ಮನೆಗೆ ಕರೆದೊಯ್ದರು. ಆ ಮನೆಗೆ ಇಲ್ಲಿಯವರು ಇಟ್ಟ ಹೆಸರೇ 'ನನ್ನ ಮೈ ಮುಟ್ಟಬೇಡ' ಎಂದು. ವಿಳಾಸ ಯಾರಿಗೂ ಕೊಡುವುದಿಲ್ಲ, ನನಗೂ ಕೊಡಲಿಲ್ಲ. ಪ್ರಹ್ಲಾದನಿಗೆ ಕೋರ್ಟಿನಲ್ಲಿ ಶಿಕ್ಷೆಯಾಯಿತು, ಕಂಪನಿ ಅವನನ್ನು ವಾಪಸ್ ಕರೆಸಿಕೊಂಡಿತು. ಆ ವರ್ಷದ ದೀಪಾವಳಿ ಕೂಟದಲ್ಲಿ ತ್ಯಾಗರಾಜ ಎಂಬ ದೊಡ್ಡ ಮನುಷ್ಯರೊಬ್ಬರು, "ಏನೋ ಒಂದೇಟು ಹೊಡೆದಿರಬಹುದಮ್ಮಾ. ಅಷ್ಟಕ್ಕೇ ಗಂಡನ ಕೆರಿಯರ್ರೇ ಹಾಳ್ಮಾಡೋದಾ?" ಎಂದರು. ನನ್ನ ಕೈಯಲ್ಲಿ ಬಿಸಿ ಪಾಯಸದ ಬಟ್ಟಲಿತ್ತು. ಅದನ್ನು ಅವರ ರೇಷ್ಮೆ ಜುಬ್ಬದ ಮೇಲೆ ಸುರಿದೆ. ಹನೀಫ್ ನನ್ನನ್ನು ದರದರ ಎಳೆದುಕೊಂಡು ಬಂದ. ಮನೆಗೆ ಬಂದು ನಾನು ನಾಲ್ಕು ತಟ್ಟೆ ಒಡೆದೆ. ಆದರೂ ನನ್ನ ಮೇಲಿನ ನನ್ನ ಸಿಟ್ಟು ಇಳಿಯಲಿಲ್ಲ.

ಮೈಥಿಲಿಯ ಫೋನು ಬಂದದ್ದು ಮರುವರ್ಷದ ಆಗಸ್ಟ್‌ನಲ್ಲಿ, ಟಿಲ್‌ಬರ್ಗ್ ಎಂಬ ಊರಿನಿಂದ. ಒಬ್ಬ ವಕೀಲೆ ಹೋರಾಡಿ ಅವಳ ಸ್ವಂತ ಹೆಸರಿನಲ್ಲೇ ಪರ್ಮಿಟ್ ಕೊಡಿಸಿದ್ದಳಂತೆ. ದೊಡ್ಡದೊಂದು ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವ ಕೆಲಸ.

"ಮೊನ್ನೆ ಒಬ್ಬ ಫೋರ್‌ಮನ್ ಭುಜದ ಮೇಲೆ ಕೈ ಹಾಕ್ದ ಕಣೆ. ಹೌಡ್ ಆಪ್ ಅಂದೆ. ತೆಗೆದ."

"ಅಷ್ಟೇನಾ?"

"ಅಷ್ಟೇ. ನಂಗೂ ನಂಬಿಕೆ ಬರ್ಲಿಲ್ಲ." ನಕ್ಕಳು, ಕಾಲುವೆಯ ದಂಡೆಯ ಅದೇ ನಗು. "ಭಾನುವಾರ ಬಾರೆ. ಹುಳಿ ಮಾಡ್ತೀನಿ. ಬರ್ತೀಯೋ ಇಲ್ವೋ?"

"ಹೌದಪ್ಪಾ, ಬರ್ತೀನಿ! ಹೌದಪ್ಪಾ!" ಎಂದು ನಾನೂ ಖುಷಿಯಲ್ಲಿ ಕೂಗಿದೆ.

ಸೆಕೆಗೆ ಎಲ್ಲ ಕಿಟಕಿಗಳೂ ತೆರೆದಿದ್ದವು. ಫೋನ್ ಇಡುವಷ್ಟರಲ್ಲಿ ಯಾನ್ನಿ ನನ್ನ ಅಡುಗೆಮನೆಯ ಕಿಟಕಿಯ ಎದುರು ನಿಂತಿದ್ದಳು. ಒಂದು ಕಾಲಿಗೆ ಮಾತ್ರ ಚಪ್ಪಲಿ, ಕೈಯಲ್ಲಿ ಕೋಲು, ಏದುಸಿರು. ನನ್ನನ್ನು ದಾಟಿ ಅವಳ ಕಣ್ಣು ಒಳಗೆ ಪೇಪರ್ ಓದುತ್ತಾ ಕೂತಿದ್ದ ಹನೀಫನ ಮೇಲೆ ನೆಟ್ಟಿತ್ತು. ಹನೀಫ್ ಗಾಬರಿಯಾಗಿ ಪೇಪರ್ ಕೆಳಗಿಟ್ಟ.

"ಏನೂ ಆಗಿಲ್ಲ ಯಾನ್ನಿ," ಎಂದೆ.

"ನಿಜವಾಗಿಯೂ?"

ಅದು ನಮ್ಮ ಭಾಷೆಯ ಮಾತು, ಅದರ ಅರ್ಥ ಹೌದು, ಅಷ್ಟೇ ಎಂದು ಹೇಳಲು ಬಾಯಿ ತೆರೆದೆ. ಹೇಳಲಿಲ್ಲ. ಎಂಟು ತಿಂಗಳು ಅರ್ಥ ತಿಳಿದುಕೊಂಡು ಈರುಳ್ಳಿ ಹೆಚ್ಚಿದವಳು ನಾನು. ಆ ಮುದುಕಿಗೆ ಯಾವ ಮುಖ ಇಟ್ಟುಕೊಂಡು ಕನ್ನಡ ಕಲಿಸಲಿ? ಬಾಗಿಲು ತೆಗೆದು ಒಳಗೆ ಕರೆದೆ. ಅವಳು ಕೋಲನ್ನು ಕೈಯಲ್ಲೇ ಹಿಡಿದುಕೊಂಡು ಹನೀಫನ ಎದುರು ಕೂತಳು, ನಾನು ಚಹಾಕ್ಕೆ ನೀರಿಟ್ಟೆ.