ಕಾಪಾಡುವ ಇಂಜಿನ್

ಹೊಲಿಗೆ ಯಂತ್ರ ರಿಪೇರಿ ಮಾಡುವ ಯಜಮಾನರು ಊಟದ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟು ವಿಮಾನ ಹಾರಿಸುವ ಆಟ ಆಡತೊಡಗಿದ ಮೇಲೆ ಮನೆಯವರ ಊಟ ನೆಲಕ್ಕಿಳಿದಿತ್ತು. ಇವತ್ತು ಮೇಜು ಖಾಲಿಯಾಗಲೇಬೇಕೆಂದು ಹೆಂಡತಿ ಪಟ್ಟು ಹಿಡಿದಳು. ಒಂದು ಸಲ ಪಕ್ಕದಲ್ಲಿ ಕೂತು ನೋಡಿ ಆಮೇಲೆ ಹೇಳು ಎಂದು ಅವರು ಗೋಗರೆದರು.

"ಈ ಆಟಕ್ಕೇ ಅಂತ ಹೊಸದಾಗಿ ಆರಿಸಿ ಕೊಂಡ ವಿಮಾನ ಕಣೇ. ಆಟದ ಜೊತೆ ಬರೋವೆಲ್ಲ ಬರೀ ಗೊಂಬೆಗಳು. ಇದು ನಿಜದ್ದರ ಹಾಗೇ ಕೆಡುತ್ತೆ."

"ಕೆಡೋದನ್ನ ದುಡ್ಡು ಕೊಟ್ಟು ತಂದ್ರಾ?"

"ಎರಡು ಇಂಜಿನ್ ಇದೆಯಲ್ಲ. ಒಂದು ಕೈಕೊಟ್ರೆ ಇನ್ನೊಂದು ಕಾಪಾಡುತ್ತೆ."

ಗುಡ್ಡ ದಾಟುವಾಗ ಎಡಗಡೆಯ ಇಂಜಿನ್ ಕೆಮ್ಮಿ ನಿಂತಿತು. ವಿಮಾನ ವಾಲಿತು. ಹೆಂಡತಿ ಕಣ್ಣು ಮುಚ್ಚಿ ದೇವರನ್ನು ನೆನೆದಳು. ಕೆಟ್ಟ ಇಂಜಿನ್ನನ್ನು ಪೂರ್ತಿ ಬಂದ್ ಮಾಡಬೇಕೆಂಬುದು ಯಜಮಾನರಿಗೆ ಬಾಯಿಪಾಠವಾಗಿತ್ತು. ಆದರೆ ಗಡಿಬಿಡಿಯಲ್ಲಿ ಅವರ ಕೈ ಬಲಗಡೆಯದನ್ನು ಬಂದ್ ಮಾಡಿತು. ಸದ್ದೆಲ್ಲ ಅಡಗಿತು.

"ಕಾಪಾಡೋದು ಯಾವುದು ರೀ?"

"ಅದನ್ನೇ ಬಂದ್ ಮಾಡಿಬಿಟ್ಟೆ."

ವಿಮಾನ ಯಾರದೋ ಹೊಲದಲ್ಲಿ ಮುಗ್ಗರಿಸಿತು. ಯಜಮಾನರು ಮುಖ ಸಣ್ಣದು ಮಾಡಿಕೊಂಡು ಮೇಜು ಖಾಲಿ ಮಾಡಲೆಂದು ಕಂಪ್ಯೂಟರಿನ ವೈರು ಕೀಳಲು ಎದ್ದರು. ಹೆಂಡತಿ ತೋಳು ಹಿಡಿದು ಕೂರಿಸಿದಳು.

"ಇನ್ನೊಂದ್ಸಲ ಏರಿಸಿ. ನೀವು ಓಡಿಸ್ಕೊಂಡು ಹೋಗಿ, ಬಂದ್ ಮಾಡೋದನ್ನ ನಾನು ನೋಡ್ಕೋತೀನಿ."